ಮೈಕಮ್ಮನ ಮೊದಲ ಪುಟ

ಮೈಕಮ್ಮ ಬೆಳಿಗ್ಗೆ ಎದ್ದು ಹಲ್ಲುಜ್ಜುವ ಮೊದಲು ದೇವರ ಸೈಟು ಹುಡುಕುತ್ತಿದ್ದಳು. ಹೌದು ಸ್ವಾಮಿ, ಹಲ್ಲುಜ್ಜುವ ಮೊದಲೇ. ಕನ್ನಡಕ ಕೈಗೆ ಸಿಗದಿದ್ದರೂ ಸರಿ, ಫೋನನ್ನು ಮೂಗಿನ ಹತ್ತಿರ ಹಿಡಿದು 'ಮನಃಶಾಂತಿಗೆ ಪ್ರಾರ್ಥನೆ' ಎಂದು ಒಂದೇ ಬೆರಳಲ್ಲಿ ಕುಟ್ಟುವುದು, ಬಂದ ಸಾಲುಗಳಲ್ಲಿ ತಮ್ಮ ಪ್ರಾರ್ಥನಾ ಮಂದಿರದ ಸೈಟು ಎಲ್ಲಿದೆ ಅಂತ ನೋಡಿ ಒತ್ತುವುದು, ಪುಟ ತೆರೆದುಕೊಂಡ ಮೇಲೆ ಕೆಳಗಿನ ತನಕ ನಿಧಾನವಾಗಿ ಜಾರಿಸುವುದು. ಇಷ್ಟಾದ ಮೇಲೇ ಬಚ್ಚಲಿಗೆ. ಪಕ್ಕದಲ್ಲಿ ಮಲಗಿದ್ದ ಯಜಮಾನರು ಒಂದು ಕಣ್ಣು ತೆರೆದು, "ಆಯ್ತೇನೇ ನಿನ್ನ ಹಾಜರಿ?" ಅನ್ನುತ್ತಿದ್ದರು. ಅವಳು ಉತ್ತರ ಕೊಡುತ್ತಿರಲಿಲ್ಲ. ಒಳ್ಳೆಯ ಕೆಲಸ ಮಾಡುವಾಗ ಕೊಂಕು ಮಾತಿಗೆ ಕಿವಿಗೊಡಬಾರದು ಎಂಬುದು ಅವಳ ನಿಯಮ.

ಬಸ್ ನಿಲ್ದಾಣದಲ್ಲಿ ಜೀವಮಾನವಿಡೀ ಮೈಕಿನ ಮುಂದೆ ಕೂತು ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ತಡ, ಯಾವುದು ರದ್ದು ಅಂತ ಹೇಳಿದವಳು ಅವಳು. ಅದಕ್ಕೇ ಮೈಕಮ್ಮ. ಗಾಜಿನ ಕೋಣೆ, ತಿರುಗಿದರೆ ಕಿರ್ರೆನ್ನುವ ಕುರ್ಚಿ, ಎದುರಿಗೆ ಕಪ್ಪು ಸ್ಪಂಜು ತೊಡಿಸಿದ ಮೈಕು. ಅವಳು ಬಾಯಿ ಬಿಟ್ಟರೆ ಜನ ಗಂಟುಮೂಟೆ ಎತ್ತಿಕೊಂಡು ಓಡುತ್ತಿದ್ದರು. ತಿರುಗಿ ಯಾರೂ ಮಾತಾಡುತ್ತಿರಲಿಲ್ಲ. ಮಾತಾಡಿದರೂ ಗಾಜಿನ ಆಚೆ ತುಟಿ ಆಡುವುದಷ್ಟೇ ಕಾಣುತ್ತಿತ್ತು. ನಿವೃತ್ತಿಯಾದಾಗ ಮೈಕು ಅಲ್ಲೇ ಉಳಿಯಿತು, ದನಿ ಅವಳ ಜೊತೆ ಮನೆಗೆ ಬಂತು. ಅಡುಗೆಮನೆಯಿಂದ 'ಬಿಸಿನೀರು ಕಾದಿದೆ' ಅಂದಳೆಂದರೆ ಎದುರು ಮನೆಯವರೂ ಟವೆಲ್ ಹುಡುಕಬೇಕು, ಅಂಥ ದನಿ.

ಈ ಸೈಟಿನ ಹುಚ್ಚು ಹತ್ತಿಸಿದವರು ಪ್ರಾರ್ಥನಾ ಮಂದಿರದ ಕಾರ್ಯದರ್ಶಿಗಳು. ಒಳ್ಳೆಯ ಮನುಷ್ಯ, ಆದರೆ ನಗರದ ಆಚೆ ತುದಿಯಲ್ಲಿರುವ ದೊಡ್ಡ ಮಂದಿರದ ಹೆಸರೆತ್ತಿದರೆ ಸಾಕು, ಮುಖ ಹುಳ್ಳಗಾಗುತ್ತಿತ್ತು. "ದೇವರ ಮುಂದೆ ಎಲ್ಲರೂ ಒಂದೇ, ನಾನು ಇಲ್ಲ ಅನ್ನಲ್ಲ," ಅಂತ ಒಂದು ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಎದ್ದು ನಿಂತು ಹೇಳಿದರು. "ಆದ್ರೆ ಸರ್ಚ್ ಮಾಡಿದಾಗ ಅವರದ್ದು ಮೊದಲನೇ ಪುಟದಲ್ಲಿ ಬರುತ್ತೆ. ನಮ್ಮದು ಎಲ್ಲಿದೆ ಅಂತ ಆ ದೇವರಿಗೇ ಗೊತ್ತಿಲ್ಲ. ಬಿಡುವಿರೋರು ಯಾರಾದ್ರೂ ಸೇವೆ ಅಂತ ಕೈಜೋಡಿಸಿದ್ರೆ ನಾವೂ ಮೇಲೆ ಬರಬಹುದು." ಎಲ್ಲರಿಗಿಂತ ಮೊದಲು ಮೇಲೆದ್ದ ಕೈ ಮೈಕಮ್ಮನದು.

ಅವಳಿಗೆ ದೊಡ್ಡ ಮಂದಿರದ ಮೇಲೆ ಹಗೆಯೇನೂ ಇರಲಿಲ್ಲ. ಅವಳಿಗೆ ಬೇಕಾಗಿದ್ದುದು ತನ್ನ ಮಗಳು.

ಇದ್ದವಳು ಒಬ್ಬಳೇ ಮಗಳು. ಮದುವೆಯಾಗಿ ಕೆಲವು ವರ್ಷ ಕಳೆದ ಮೇಲೆ, ಗಂಡನ ಜೊತೆ ಇನ್ನು ಆಗುವುದಿಲ್ಲ ಅಂತ ಒಂದು ಮಧ್ಯಾಹ್ನ ಎರಡು ಚೀಲ ಹಿಡಿದು ಮನೆಗೆ ಬಂದಳು. ಮೈಕಮ್ಮ ಬೈಯಲಿಲ್ಲ, ಹೊಡೆಯಲಿಲ್ಲ, ಅಳಲೂ ಇಲ್ಲ. ತನಗೆ ಗೊತ್ತಿದ್ದ ಮದ್ದನ್ನೇ ಕೊಟ್ಟಳು: ಪ್ರಾರ್ಥನೆ ಮಾಡು, ತಾಳ್ಮೆ ತಂದುಕೋ, ಎಲ್ಲ ದೇವರಿಗೆ ಒಪ್ಪಿಸು. ಬೆಳಿಗ್ಗೆ ಅದೇ, ಊಟಕ್ಕೆ ಕೂತಾಗ ಅದೇ, ಬಟ್ಟೆ ಮಡಚುವಾಗಲೂ ಅದೇ. ಎರಡು ವಾರವೂ ಆಗಿರಲಿಲ್ಲ, ಮಗಳು ಅದೇ ಎರಡು ಚೀಲ ಹಿಡಿದು ಹೊರಟುಹೋದಳು. ನಗರದ ಇನ್ನೊಂದು ಬಡಾವಣೆಯಲ್ಲಿ ಕೋಣೆ ಹಿಡಿದಳು, ಕನ್ನಡಕದ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದಳು. ಶನಿವಾರ ಸಂಜೆ ಅಪ್ಪನಿಗೆ ಫೋನ್ ಮಾಡುತ್ತಾಳೆ. ಅಮ್ಮನ ಜೊತೆ ಮಾತಿಲ್ಲ. ವರ್ಷದ ಮೇಲಾಯಿತು.

ಮೈಕಮ್ಮನ ಲೆಕ್ಕ ಇಷ್ಟೇ. ಮಗಳಿಗೆ ದೇವರ ಮೇಲೆ ಕೋಪ ಬಂದಿದೆ, ದೇವರ ಮಾತು ಎತ್ತುವ ಅಮ್ಮನ ಮೇಲೂ ಬಂದಿದೆ. ಆದರೆ ಹುಡುಗಿ ಎಷ್ಟು ದಿನ ಗಟ್ಟಿಯಾಗಿರುತ್ತಾಳೆ? ಯಾವತ್ತಾದರೊಂದು ದಿನ ಮನಸ್ಸು ಸೋತು ಫೋನಿನಲ್ಲಿ ಏನಾದರೂ ಹುಡುಕಿಯೇ ಹುಡುಕುತ್ತಾಳೆ. ಆವತ್ತು ಅಮ್ಮ ಬರೆದ ಪುಟವೇ ಎಲ್ಲಕ್ಕಿಂತ ಮೇಲೆ ಬರಬೇಕು. ಓದುತ್ತಾಳೆ, ಕಣ್ಣಲ್ಲಿ ನೀರು ಬರುತ್ತದೆ, ಫೋನ್ ಮಾಡುತ್ತಾಳೆ. ಈ ಆಸೆಯನ್ನು ಅವಳು ಯಾರ ಹತ್ತಿರವೂ ಬಾಯಿಬಿಟ್ಟು ಹೇಳಿರಲಿಲ್ಲ. ಯಜಮಾನರಿಗೆ ಹೇಳದೆಯೇ ಗೊತ್ತಿತ್ತು.

ಸೇವೆಯ ಗುಂಪು ಸೇರುತ್ತಿದ್ದುದು ಮಂದಿರದ ಹಿಂದಿನ ಕೋಣೆಯಲ್ಲಿ. ಒಂದರ ಮೇಲೊಂದು ಪೇರಿಸಿದ ಪ್ಲಾಸ್ಟಿಕ್ ಕುರ್ಚಿಗಳು, ಕಾಲು ಅಲ್ಲಾಡುವ ಉದ್ದ ಮೇಜು, ಗೋಡೆಯ ಮೊಳೆಗೆ ನೇತುಹಾಕಿದ ವೈಫೈ ಡಬ್ಬ. ಆ ಡಬ್ಬದ ದೀಪ ಹಸಿರಾದರೆ ಎಲ್ಲರ ಮುಖವೂ ಹಸಿರು, ಕೆಂಪಾದರೆ ಕಾರ್ಯದರ್ಶಿಗಳು ಕುರ್ಚಿ ಹತ್ತಿ ಅದನ್ನು ತಟ್ಟುತ್ತಿದ್ದರು. ಕಲಿಸಲು ಬರುತ್ತಿದ್ದವಳನ್ನು ಎಲ್ಲರೂ ಹಾಸಿಗೆ ಮೇಡಂ ಅನ್ನುತ್ತಿದ್ದರು. ಪಾಪ, ಅವಳಿಗೆ ಇನ್ನೂ ಮೂವತ್ತೈದು ತುಂಬಿರಲಿಲ್ಲ. ಹಾಸಿಗೆ ಮಾರುವ ಕಂಪನಿಯಲ್ಲಿ, ಸರ್ಚಿನಲ್ಲಿ ಅವರ ಸೈಟು ಮೇಲೆ ಬರುವ ಹಾಗೆ ಮಾಡುವುದೇ ಅವಳ ಕೆಲಸ. ಸಂಬಳಕ್ಕೆ ಹಾಸಿಗೆ, ಪುಣ್ಯಕ್ಕೆ ಪ್ರಾರ್ಥನೆ ಅಂತ ತನ್ನನ್ನೇ ತಾನು ಗೇಲಿ ಮಾಡಿಕೊಳ್ಳುತ್ತಿದ್ದಳು.

ಮೊದಲ ದಿನವೇ ಅವಳು ಒಂದು ಮಾತು ಹೇಳಿದ್ದಳು. "ನೋಡಿ, ಜನ 'ಒಳ್ಳೇ ಹಾಸಿಗೆ' ಅಂತ ಹುಡುಕೋದು ಕಡಿಮೆ. 'ಎದ್ದಾಗ ಬೆನ್ನು ಯಾಕೆ ನೋಯುತ್ತೆ' ಅಂತ ಹುಡುಕ್ತಾರೆ. ನಾವು ಹಾಸಿಗೆ ಬಗ್ಗೆ ಎಷ್ಟು ಬಡ್ಕೊಂಡ್ರೂ ಪ್ರಯೋಜನ ಇಲ್ಲ. ಅವರ ಬೆನ್ನಿನ ಬಗ್ಗೆ ಬರೀಬೇಕು."

"ಸರಿಯಾಗಿ ಹೇಳಿದ್ರಿ," ಅಂತ ಎಲ್ಲರಿಗಿಂತ ಜೋರಾಗಿ ತಲೆದೂಗಿದವಳು ಮೈಕಮ್ಮ. ಮನೆಗೆ ಹೋಗಿ ಬರೆದದ್ದು ಮಾತ್ರ 'ಪ್ರಾರ್ಥನೆಯ ಮಹಿಮೆ'. ಮುಂದಿನ ವಾರ 'ದಾಂಪತ್ಯದಲ್ಲಿ ತಾಳ್ಮೆ'. ಅದರ ಮುಂದಿನ ವಾರ 'ದೇವರಿಗೆ ಒಪ್ಪಿಸಿದವನಿಗೆ ಭಾರವಿಲ್ಲ'. ಬರೆಯುತ್ತಾ ಹೋದಂತೆ ಅವಳಿಗೆ ಮತ್ತೆ ಗಾಜಿನ ಕೋಣೆಯಲ್ಲಿ ಕೂತ ಹಾಗಾಗುತ್ತಿತ್ತು. ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು.

ಅಷ್ಟರಲ್ಲಿ ಹಾಸಿಗೆ ಮೇಡಂಗೆ ಅವಳ ಕಂಪನಿಯಲ್ಲಿ ರಿಯಾಯಿತಿ ಮಾರಾಟದ ಗಡಿಬಿಡಿ ಶುರುವಾಯಿತು. ಒಂದಷ್ಟು ಭಾನುವಾರ ಬರಲಾಗುವುದಿಲ್ಲ ಅಂತ ಹೇಳಿ ಹೋದಳು. ಗುಂಪಿಗೆ ಹೇಳುವವರು ಕೇಳುವವರು ಇಲ್ಲವಾಯಿತು, ಮೈಕಮ್ಮನಿಗೆ ಜಾಗ ಸಿಕ್ಕಿತು. ಹೆಚ್ಚು ಜನ ಒತ್ತಿದ ಸೈಟು ಮೇಲಕ್ಕೆ ಬರುತ್ತದೆ ಅಂತ ಎಲ್ಲೋ ಕೇಳಿದ್ದಳು. ಮೇಜು ಕುಟ್ಟಿ ಹೇಳಿಯೇಬಿಟ್ಟಳು.

"ಹೊರಗಿನ ಜನಕ್ಕೆ ಯಾಕೆ ಕಾಯಬೇಕು? ನಾವು ಇಷ್ಟು ಜನ ಇದ್ದೀವಲ್ಲ. ದಿನಾ ಬೆಳಿಗ್ಗೆ ಎದ್ದ ತಕ್ಷಣ ಎಲ್ಲರೂ ಹುಡುಕಿ, ಎಲ್ಲರೂ ಒತ್ತಿ. ಮನೆಮಂದಿ ಫೋನನ್ನೂ ಬಿಡಬೇಡಿ."

"ಅದು ತಪ್ಪಲ್ವಾ ಅಮ್ಮಾ?" ಅಂತ ಮೂಲೆಯಲ್ಲಿ ಕೂತಿದ್ದ, ಗುಂಪಿನ ದರ್ಜಿಯೊಬ್ಬ ಕೇಳಿದ.

"ದೇವರ ಸೈಟು ನೋಡೋದು ತಪ್ಪಾ? ಏನು ಮಾತು ಅಂತ ಆಡ್ತೀಯಪ್ಪಾ!"

ಮಾರನೆಯ ದಿನದಿಂದ ಸೇವೆ ಶುರು. ಕಾರ್ಯದರ್ಶಿಗಳು ವಾಕಿಂಗ್ ಹೋಗುವಾಗ ಒತ್ತಿದರು, ದರ್ಜಿ ಅಂಗಡಿ ಬಾಗಿಲು ತೆಗೆಯುವ ಮೊದಲು ಒತ್ತಿದ, ಅವನ ಹೆಂಡತಿ ಒಲೆ ಹಚ್ಚಿ ಒತ್ತಿದಳು. ಮೊದಮೊದಲು ಎಷ್ಟೋ ಪುಟ ಜಾರಿಸಿದ ಮೇಲೆ ಸಿಗುತ್ತಿದ್ದ ಸೈಟು ಮೆಲ್ಲಗೆ ಮೇಲೇರತೊಡಗಿತು. ಐದನೇ ಪುಟಕ್ಕೆ ಬಂತು, ಮೂರಕ್ಕೆ ಬಂತು. ಒಂದು ಬೆಳಿಗ್ಗೆ ಮೈಕಮ್ಮ ಹಾಸಿಗೆಯಲ್ಲೇ ಎದ್ದು ಕೂತು ಕೂಗಿದ ಕೂಗಿಗೆ ಎದುರು ಮನೆಯ ನಾಯಿ ಬೊಗಳಿತು. ಮೊದಲನೇ ಪುಟ! ಮೊದಲನೇ ಸಾಲು! ಅವಳೇ ಬರೆದ 'ದಾಂಪತ್ಯದಲ್ಲಿ ತಾಳ್ಮೆ'!

ಆ ಭಾನುವಾರ ಹಿಂದಿನ ಕೋಣೆಯಲ್ಲಿ ಎಲ್ಲರೂ ಫೋನು ಹಿಡಿದು ಒಬ್ಬರಿಗೊಬ್ಬರು ತೋರಿಸಿಕೊಂಡರು. ನಿಮ್ಮಲ್ಲೂ ಮೊದಲು, ನಮ್ಮಲ್ಲೂ ಮೊದಲು. ಕಾರ್ಯದರ್ಶಿಗಳು ಸ್ವಂತ ಖರ್ಚಿನಲ್ಲಿ ಬಿಸ್ಕತ್ತು ತರಿಸಿದರು, ಅದೊಂದು ಪವಾಡ. "ಆಚೆ ಮಂದಿರದವರು ಈಗ ಹೊಟ್ಟೆ ಉರ್ಕೊಳ್ಳಲಿ," ಅಂತ ಬಾಯಿತಪ್ಪಿ ಅಂದುಬಿಟ್ಟು, ಕೆನ್ನೆಗೆ ಕೈ ಮುಟ್ಟಿಸಿಕೊಂಡರು. ಮೈಕಮ್ಮನಿಗೆ ನೆಲದ ಮೇಲೆ ಕಾಲೇ ನಿಲ್ಲುತ್ತಿರಲಿಲ್ಲ. ಇನ್ನು ಮಗಳು ಹುಡುಕುವುದೊಂದೇ ಬಾಕಿ.

ಮನೆಗೆ ಬಂದಾಗ ಯಜಮಾನರು ವರಾಂಡದಲ್ಲಿ ಕೂತಿದ್ದರು. ಅವರು ತಕ್ಕಡಿ ರಿಪೇರಿ ಮಾಡುವವರು. ಅಂಗಡಿ ಮಾರಿದರೂ ಹಳೆಯ ಗಿರಾಕಿಗಳು ಮನೆಗೇ ತಂದುಕೊಡುತ್ತಿದ್ದರು. ಮಡಿಲಲ್ಲಿ ಒಂದು ತಕ್ಕಡಿ ಇಟ್ಟುಕೊಂಡು ಅದರ ಮುಳ್ಳು ನಡುವೆ ನಿಲ್ಲುವುದನ್ನೇ ಕಾಯುತ್ತಿದ್ದರು. ಮಾತು ಕಮ್ಮಿ. ಮೈಕಮ್ಮನ ಜೊತೆ ಬಾಳಿದವರಿಗೆ ಮಾತಿನ ಅಗತ್ಯವೂ ಅಷ್ಟಾಗಿ ಬಿದ್ದಿರಲಿಲ್ಲ ಅನ್ನಿ.

"ನಿಮ್ಮ ಫೋನು ಕೊಡಿ. ಒಂದು ಚಮತ್ಕಾರ ತೋರಿಸ್ತೀನಿ."

"ನನ್ನದ್ಯಾಕೆ? ನಿನ್ನದಿದೆಯಲ್ಲ."

"ನನ್ನದರಲ್ಲಿ ನೋಡಿ ನೋಡಿ ಸಾಕಾಯ್ತು. ಕೊಡ್ರೀ ಅಂದ್ರೆ."

ಕೊಟ್ಟರು. ಮನೆಮಂದಿ ಫೋನನ್ನೂ ಬಿಡಬೇಡಿ ಅಂತ ಊರಿಗೆಲ್ಲ ಹೇಳಿದವಳು ಇವರ ಫೋನನ್ನು ಮಾತ್ರ ಮುಟ್ಟಿರಲಿಲ್ಲ. ಶನಿವಾರ ಮಗಳ ಕರೆ ಬರುವ ಫೋನು ಅದು, ಮುಟ್ಟಲು ಅವಳಿಗೆ ಒಂಥರಾ ಅಂಜಿಕೆ. ಈಗ ಕೂತು ಕುಟ್ಟಿದಳು. 'ಮನಃಶಾಂತಿಗೆ ಪ್ರಾರ್ಥನೆ.' ಮೊದಲ ಸಾಲಿನಲ್ಲಿ ಯಾವುದೋ ಬೇರೆ ಸೈಟು. ಎರಡನೆಯದು ಆಚೆ ತುದಿಯ ದೊಡ್ಡ ಮಂದಿರ. ಆಮೇಲೆ ಯೋಗ, ನಿದ್ದೆ ಮಾತ್ರೆ, ಯಾರೋ ಹಾಡಿದ ವಿಡಿಯೋ. ಕೆಳಗೆ ಜಾರಿಸಿದಳು. ಎರಡನೇ ಪುಟ, ಮೂರನೇ ಪುಟ. 'ದಾಂಪತ್ಯದಲ್ಲಿ ತಾಳ್ಮೆ' ಅಂತ ಅಕ್ಷರ ಅಕ್ಷರವಾಗಿ ಹೊಡೆದಳು. ಇಲ್ಲ. ಬೆರಳು ನೋಯುವ ತನಕ ಜಾರಿಸಿದ ಮೇಲೆ, ಎಲ್ಲೋ ಪಾತಾಳದಲ್ಲಿ, ಸೀರೆ ಅಂಗಡಿಗೂ ವಕೀಲರ ಜಾಹೀರಾತಿಗೂ ನಡುವೆ, ಅವರ ಮಂದಿರ ಸಿಕ್ಕಿತು.

"ನಿಮ್ಮ ಫೋನಿಗೂ ನಿಮ್ಮ ಹಾಗೇ ಭಕ್ತಿ ಇಲ್ಲ," ಅಂತ ಸಿಡುಕಿ ಫೋನು ಅವರ ಮಡಿಲಿಗೆ ಹಾಕಿದಳು. ಆದರೆ ಇವರ ಫೋನಿನಲ್ಲಿ ಇಲ್ಲದ್ದು ಮಗಳ ಫೋನಿನಲ್ಲಿ ಇರುತ್ತದೆಯೇ?

ಫೋನು ಬಿದ್ದ ರಭಸಕ್ಕೆ ತಕ್ಕಡಿಯ ಮುಳ್ಳು ಮತ್ತೆ ಅಲ್ಲಾಡತೊಡಗಿತ್ತು, ಯಜಮಾನರು ಅದನ್ನು ನೋಡುತ್ತ ಕೂತರು.

ಮುಂದಿನ ಭಾನುವಾರ ಹಾಸಿಗೆ ಮೇಡಂ ಬಂದಳು. ಕಾರ್ಯದರ್ಶಿಗಳು ಬಾಗಿಲಲ್ಲೇ ಫೋನು ಅವಳ ಮುಖಕ್ಕೆ ಹಿಡಿದರು. ಅವಳು ನೋಡಿದಳು, ದರ್ಜಿಯ ಫೋನು ನೋಡಿದಳು, ತನ್ನದನ್ನು ತೆಗೆದು ನೋಡಿದಳು. ಆಮೇಲೆ ಕುರ್ಚಿ ಎಳೆದು ಕೂತು, "ಅಯ್ಯೋ ದೇವ್ರೇ, ಏನು ಮಾಡಿದ್ರಿ ನೀವೆಲ್ಲ?" ಅಂದಳು.

ಏನು ಮಾಡಿದ್ದೇವೆ ಅಂತ ಎಲ್ಲರೂ ಹೆಮ್ಮೆಯಿಂದ ಹೇಳಿದರು.

ಅವಳಿಗೆ ನಗು ತಡೆಯಲಾಗಲಿಲ್ಲ. ನಕ್ಕ ಮೇಲೆ ಎಲ್ಲರ ಮುಖ ನೋಡಿ ತಪ್ಪಾಯಿತೇನೋ ಅನ್ನಿಸಿ ಮೆತ್ತಗಾದಳು. "ಬೇಜಾರು ಮಾಡ್ಕೋಬೇಡಿ. ನೀವು ದಿನಾ ಒಂದೇ ಹುಡುಕಿ ಒಂದನ್ನೇ ಒತ್ತಿದ್ರೆ, ನಿಮಗೆ ಅದೇ ಇಷ್ಟ ಅಂತ ಸರ್ಚಿಗೆ ಗೊತ್ತಾಗುತ್ತೆ. ನಿಮ್ಮನ್ನ ಖುಷಿಪಡಿಸೋಕೆ ಅದನ್ನೇ ಮೇಲೆ ತಂದಿಡುತ್ತೆ. ನಿಮಗೆ ಮಾತ್ರ. ಬೇರೆಯವರಿಗೆ ನೀವು ಎಲ್ಲಿದ್ರೋ ಅಲ್ಲೇ ಇದ್ದೀರ."

"ಹಾಗಾದ್ರೆ ಇಷ್ಟು ದಿನ..." ಅಂದರು ಕಾರ್ಯದರ್ಶಿಗಳು.

"ನಿಮ್ಮ ಮಾತು ನೀವೇ ಕೇಳಿಸ್ಕೊಳ್ತಿದ್ರಿ, ಅಷ್ಟೇ."

ಕಾರ್ಯದರ್ಶಿಗಳು ಬಿಸ್ಕತ್ತಿನ ಖರ್ಚು ನೆನೆದರೋ ಏನೋ, ನಿಟ್ಟುಸಿರು ಬಿಟ್ಟರು. ದರ್ಜಿ ಮೈಕಮ್ಮನ ಕಡೆ ನೋಡಿದ, ಪಾಪದವನು. ಆ ನೋಟ ಅವಳಿಗೆ ಬೈಗುಳಕ್ಕಿಂತ ಚುಚ್ಚಿತು.

ಹಾಸಿಗೆ ಮೇಡಂ ಲ್ಯಾಪ್‌ಟಾಪ್ ಬಿಚ್ಚಿದಳು. "ಬನ್ನಿ, ಮೊದಲಿಂದ ಮಾಡೋಣ. ಅಮ್ಮಾ, ನಿಮ್ಮ ತಾಳ್ಮೆ ಪುಟಾನೇ ತಗೊಳ್ಳೋಣ. ಇದು ಯಾರಿಗೋಸ್ಕರ ಬರೆದ್ರಿ?"

"ಗಂಡನ ಜೊತೆ ಸರಿಹೋಗದೆ ಬಂದಿರ್ತಾರಲ್ಲ, ಅಂಥ ಹೆಣ್ಣುಮಕ್ಕಳಿಗೆ," ಅಂದಳು ಮೈಕಮ್ಮ.

"ಸರಿ. ಅಂಥ ಹುಡುಗಿ ಒಬ್ಬಳೇ ಕೂತು ಫೋನು ತೆಗೆದ್ರೆ ಏನಂತ ಟೈಪ್ ಮಾಡ್ತಾಳೆ?"

ಮೈಕಮ್ಮ ಬಾಯಿ ತೆರೆದಳು. ಅಷ್ಟು ವರ್ಷ ಒಂದು ಕ್ಷಣವೂ ತಡವರಿಸದೆ ಮಾತಾಡಿದ ಬಾಯಿ. ಏನೂ ಬರಲಿಲ್ಲ. ಆ ಹುಡುಗಿ ಏನು ಟೈಪ್ ಮಾಡಬೇಕು ಅಂತ ಅವಳಿಗೆ ಗೊತ್ತಿತ್ತು. ಏನು ಟೈಪ್ ಮಾಡುತ್ತಾಳೆ ಅಂತ ಗೊತ್ತಿರಲಿಲ್ಲ.

"ಪರವಾಗಿಲ್ಲ, ಅದನ್ನೇ ಕೇಳೋಣ." ಹಾಸಿಗೆ ಮೇಡಂ ಸರ್ಚಿನ ಖಾಲಿ ಪೆಟ್ಟಿಗೆಯಲ್ಲಿ 'ಗಂಡನನ್ನು ಬಿಟ್ಟ ಮೇಲೆ' ಎಂದಷ್ಟೇ ಹೊಡೆದು ಕೈ ತೆಗೆದಳು. ಕೆಳಗೆ ತಾನಾಗಿ ಸಾಲುಗಳು ಇಳಿದವು, ಯಾರು ಯಾರೋ, ಎಲ್ಲೆಲ್ಲೋ ಕೂತು ಹುಡುಕಿದವು. ಬಿಟ್ಟ ಮೇಲೆ ನಿದ್ದೆ ಬರುತ್ತಿಲ್ಲ. ಬಿಟ್ಟ ಮೇಲೆ ಒಂಟಿ ಹೆಂಗಸಿಗೆ ಬಾಡಿಗೆ ಮನೆ ಕೊಡುತ್ತಾರಾ. ಬಿಟ್ಟ ಮೇಲೆ ಅಮ್ಮನಿಗೆ ಹೇಗೆ ಹೇಳುವುದು.

ಮೈಕಮ್ಮ ಕೊನೆಯ ಸಾಲನ್ನು ಎರಡು ಸಲ ಓದಿದಳು. ತಾಳ್ಮೆ ಅಂದರೇನು ಅಂತ ಅಲ್ಲಿ ಯಾರೂ ಕೇಳಿರಲಿಲ್ಲ. ಪ್ರಾರ್ಥನೆಯ ಮಹಿಮೆಯೂ ಯಾರಿಗೂ ಬೇಕಿರಲಿಲ್ಲ. ನೀರು ಕುಡಿದು ಬರುತ್ತೇನೆ ಅಂತ ಎದ್ದವಳು ಕೋಣೆಗೆ ವಾಪಸ್ಸು ಬರಲಿಲ್ಲ, ಸೀದಾ ಮನೆಗೆ ನಡೆದಳು.

"ಶನಿವಾರ ಅವಳು ನಿಮ್ಮ ಹತ್ರ ಏನು ಕೇಳ್ತಾಳೆ?" ಅಂತ ಊಟಕ್ಕೆ ಕೂತಾಗ ಯಜಮಾನರನ್ನು ಕೇಳಿದಳು. ವರ್ಷದಲ್ಲಿ ಮೊದಲ ಸಲ ಕೇಳಿದ್ದು. ಇಲ್ಲಿ ತನಕ ಅವಳು ಕೇಳುತ್ತಿದ್ದುದು 'ಪ್ರಾರ್ಥನೆ ಮಾಡ್ತಾಳಂತಾ' ಎಂದು ಮಾತ್ರ.

"ಏನೂ ಕೇಳಲ್ಲ. ಹೇಳ್ತಾಳೆ. ನಲ್ಲೀಲಿ ನೀರು ಬರಲ್ಲ ಅಂತಾಳೆ. ಮೇಲಿನ ಮನೆಯವನು ಕುರ್ಚಿ ಎಳೀತಾನೆ ಅಂತಾಳೆ. ಯಾವುದೋ ಮುದುಕಪ್ಪ ಕನ್ನಡಕ ಹಾಕ್ಕೊಂಡು ತನ್ನ ಹೆಂಡತಿ ಮುಖಾನೇ ನೋಡ್ತಾ ನಿಂತಿದ್ನಂತೆ, ಅದನ್ನ ಹೇಳಿ ನಕ್ಕಳು."

"ನೀವೇನಂತೀರಿ?"

"ಹೂಂ ಅಂತೀನಿ."

"ಅಷ್ಟೇನಾ?"

"ಅಷ್ಟೇ ಸಾಕಾಗುತ್ತೆ ಅವಳಿಗೆ."

ಮೈಕಮ್ಮನಿಗೆ ಹೊಟ್ಟೆಕಿಚ್ಚಾಯಿತು. ಸುಳ್ಳು ಯಾಕೆ ಹೇಳಬೇಕು, ಗಂಡನ ಮೇಲೆ ಉರಿದುಹೋಗುವಷ್ಟು ಹೊಟ್ಟೆಕಿಚ್ಚಾಯಿತು. ಇಷ್ಟೆಲ್ಲ ಬರೆದು, ಬೆಳಗೆದ್ದು ಬೆರಳು ಸವೆಸಿದ ತನಗೆ ಸಿಗದ ಮಗಳು, ಬರೀ ಹೂಂ ಅಂದ ಈ ಮನುಷ್ಯನಿಗೆ ವಾರವಾರ ಸಿಗುತ್ತಿದ್ದಾಳೆ! ತಟ್ಟೆ ತೊಳೆದಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಹೇಳಿದಳು, "ಅವಳ ಮನೆ ವಿಳಾಸ ಕೊಡಿ."

ಅವರು ಅವಳ ಮುಖ ನೋಡಿದರು. "ನಾನೂ ಬರ್ಲಾ?"

"ಬೇಡ. ನೀವು ಬಂದ್ರೆ ಅವಳು ನಿಮ್ಮ ಹತ್ರಾನೇ ಮಾತಾಡ್ತಾಳೆ."

ಕನ್ನಡಕದ ಅಂಗಡಿಗೆ ಮಂಗಳವಾರ ರಜೆ. ಮಂಗಳವಾರ ಮಧ್ಯಾಹ್ನ ಮೈಕಮ್ಮ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡದ್ದು ಒಂದೇ: ಬಾಯಿಗೆ ಬೀಗ ಹಾಕ್ಕೋ. ಹೇಳೋಕೆ ಹೋಗಬೇಡ, ಕೇಳು. ಅವಳಿಗೆ ಇದು ಎಷ್ಟು ಕಷ್ಟ ಅಂತ ಅವಳನ್ನು ಬಲ್ಲವರಿಗೇ ಗೊತ್ತು. ಪಕ್ಕದಲ್ಲಿ ಕೂತ ಹೆಂಗಸು ತಪ್ಪು ಬಸ್ಸು ಹತ್ತಿದ್ದಾಳೆ ಅಂತ ಗೊತ್ತಾಗಿ ನಾಲಿಗೆ ತುರಿಸಿತು. ಅದನ್ನು ಮಾತ್ರ ಹೇಳಿಬಿಟ್ಟಳು, ಅದು ಪುಣ್ಯದ ಕೆಲಸ.

ಮಗಳ ಕೋಣೆ ಒಂದು ಜೆರಾಕ್ಸ್ ಅಂಗಡಿಯ ಮೇಲೆ. ಇಕ್ಕಟ್ಟಾದ ಮೆಟ್ಟಿಲು, ಹಿಡಿದರೆ ಕೈಗೆ ತುಕ್ಕು ಹತ್ತುವ ಕಂಬಿ. ಮೈಕಮ್ಮ ಹತ್ತಿ ಹೋಗಿ ಬಾಗಿಲು ತಟ್ಟಿದಳು.

ಬಾಗಿಲು ತೆರೆದ ಮಗಳು ಅಮ್ಮನ ಹಿಂದೆ ಮೆಟ್ಟಿಲ ಕಡೆ ನೋಡಿದಳು. "ಅಪ್ಪ ಕಳಿಸಿದ್ರಾ?"

"ಇಲ್ಲ. ವಿಳಾಸ ಕೊಟ್ಟರು. ನಾನೇ ಬಂದೆ."

"ಬಾ," ಅಂದಳು ಮಗಳು, ಪಕ್ಕಕ್ಕೆ ಸರಿದು.

ಒಂದೇ ಕೋಣೆ. ನೆಲದ ಮೇಲೆ ಹಾಸಿಗೆ, ಕಿಟಕಿಯ ಕಟ್ಟೆಯ ಮೇಲೆ ಬಾಚಣಿಗೆ, ಮಾತ್ರೆಗಳ ಸ್ಟ್ರಿಪ್ಪು, ಅರ್ಧ ತಿಂದ ಬ್ರೆಡ್ಡು. ಮೂಲೆಯಲ್ಲಿ ನೀರು ತುಂಬಿಟ್ಟ ಬಕೆಟ್ಟುಗಳು. ಮಗಳು ಇಳಿದುಹೋಗಿದ್ದಳು, ಕತ್ತಿನ ಮೂಳೆ ಎದ್ದು ಕಾಣುತ್ತಿತ್ತು. ಮೈಕಮ್ಮನ ಗಂಟಲಲ್ಲಿ ಮಾತುಗಳು ಬಸ್ಸುಗಳ ಹಾಗೆ ಸಾಲಾಗಿ ಬಂದು ನಿಂತವು. ಎಷ್ಟು ಸೊರಗಿದ್ದೀಯೇ. ಅದೇನು ಮಾತ್ರೆ. ಬರೀ ಬ್ರೆಡ್ಡು ತಿಂತೀಯಾ. ದೇವರನ್ನ ನೆನೆದು ಕೂತ್ಕೋ. ಒಂದನ್ನೂ ಬಿಡಲಿಲ್ಲ. ಚಾಪೆಯ ಮೇಲೆ ಕೂತಳು.

ಮಗಳು ಚಹಾ ಮಾಡಿ ತಂದಿಟ್ಟಳು. ಲೋಟ ಕೈಗೆ ತಗೊಂಡ ಮೇಲೂ ಅಮ್ಮ ಮಾತಾಡಲಿಲ್ಲ. "ಏನಾದ್ರೂ ಹೇಳಮ್ಮಾ," ಅಂದಳು ಕೊನೆಗೆ. "ನೀನು ಹೀಗೆ ಸುಮ್ಮನೆ ಕೂತ್ರೆ ನಂಗೆ ಭಯ ಆಗುತ್ತೆ. ಅಪ್ಪ ಹುಷಾರಾಗಿದ್ದಾರೆ ತಾನೆ?"

"ಗುಂಡುಕಲ್ಲಿನ ಹಾಗಿದ್ದಾರೆ. ನಾನು ಹೇಳೋಕೆ ಬಂದಿಲ್ಲ. ಒಂದು ಕೇಳೋಕೆ ಬಂದೆ."

"ಕೇಳು."

"ನಿನಗೆ ಮನಸ್ಸು ಸರಿ ಇಲ್ದೆ ಇದ್ದಾಗ, ಫೋನಲ್ಲಿ ಏನಂತ ಹುಡುಕ್ತೀಯ?"

ಮಗಳಿಗೆ ನಗು ಬಂತು. "ನಿಮ್ಮ ಸೈಟಿಗೋಸ್ಕರ ಕೇಳ್ತಿದ್ದೀಯಾ?"

"ಸೈಟು ನಿಂಗೆ ಹೇಗೆ ಗೊತ್ತು?"

"ಅಪ್ಪ ಹೇಳಿದ್ರು, ನೀನು ಬರೀತಿದ್ದೀಯ ಅಂತ. ಹುಡುಕೋದೇನು ಬಂತು, ಮಂದಿರದ ಸೈಟು ನಂಗೆ ಗೊತ್ತಿಲ್ವಾ? ಸೀದಾ ತೆಗೆದು ಓದ್ತಿದ್ದೆ. ಎಲ್ಲಾ ಓದಿದ್ದೀನಿ."

"ಎಲ್ಲಾನೂ?"

"ಒಂದನ್ನೂ ಬಿಟ್ಟಿಲ್ಲ."

ಮೈಕಮ್ಮನ ಜೀವಕ್ಕೆ ರೆಕ್ಕೆ ಬಂದ ಹಾಗಾಯಿತು. ಮೊದಲನೇ ಪುಟವೂ ಬೇಡ, ಮೊದಲನೇ ಸಾಲೂ ಬೇಡ, ಓದಿದ್ದಾಳಲ್ಲ! ಇಡೀ ಪ್ರಪಂಚದಲ್ಲಿ ಯಾರು ಓದಲಿ ಅಂತ ಬರೆದಳೋ ಅವಳೇ ಓದಿದ್ದಾಳೆ. "ಹೇಗಿತ್ತೇ?" ಅಂತ ಮುಂದಕ್ಕೆ ಬಾಗಿದಳು.

"ಚೆನ್ನಾಗಿ ಬರೀತೀಯಮ್ಮ. ಓದ್ತಾ ಇದ್ರೆ ನಿನ್ನ ದನೀನೇ ಕೇಳುತ್ತೆ." ಮಗಳು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಅದರೊಳಗೇ ನೋಡುತ್ತಿದ್ದಳು. "ವಾರವಾರ ತೆಗೆದು ನೋಡ್ತಿದ್ದೆ. ಈ ವಾರನಾದ್ರೂ ಬರ್ದಿರ್ತೀಯಾ ಅಂತ."

"ಏನನ್ನ?"

"ನಾನು ಕೇಳಿದ್ದಕ್ಕೆ ಉತ್ತರ."

ಮೈಕಮ್ಮ ನೆನಪು ಮಾಡಿಕೊಳ್ಳಲು ಹೆಣಗಿದಳು. ಆ ಎರಡು ವಾರ ತಾನು ಆಡಿದ ಒಂದೊಂದು ಮಾತೂ ನೆನಪಿತ್ತು. ಮಗಳು ಆಡಿದ ಒಂದು ಮಾತೂ ನೆನಪಾಗಲಿಲ್ಲ. "ನೀನೇನು ಕೇಳಿದ್ದೆ?" ಅಂದಳು. ಕೇಳುವಾಗಲೇ ನಾಚಿಕೆಯಾಯಿತು.

"ಆವತ್ತು ಬಂದೆನಲ್ಲ, ಬಾಗಿಲಲ್ಲೇ ನಿಂತು ಕೇಳಿದ್ದೆ. ಚೀಲ ಕೂಡ ಕೆಳಗಿಟ್ಟಿರಲಿಲ್ಲ. 'ಅಮ್ಮಾ, ನಾನು ಇಲ್ಲೇ ಇರ್ಲಾ?' ಅಂತ. ನೀನು, 'ಮೊದಲು ಬಂದು ಪ್ರಾರ್ಥನೆ ಮಾಡು, ದೇವರು ದಾರಿ ತೋರಿಸ್ತಾನೆ' ಅಂದೆ. ಇವತ್ತು 'ಇರು' ಅಂತೀಯ, ನಾಳೆ ಅಂತೀಯ ಅಂತ ಕಾದೆ. ತಾಳ್ಮೆ ಅಂದೆ, ಒಪ್ಪಿಸು ಅಂದೆ. ವಾಪಸ್ ಹೋಗು ಅಂತಿದ್ದೀಯ ಅನ್ಕೊಂಡೆ." ಮಗಳ ದನಿ ಒಡೆಯಿತು. "ನಾನು ದೇವರನ್ನ ಕೇಳಿರಲಿಲ್ಲಮ್ಮ. ನಿನ್ನ ಕೇಳಿದ್ದೆ."

"ಅಯ್ಯೋ ನನ್ನ ಕಂದಾ," ಅಂದಳು ಮೈಕಮ್ಮ. "ಇರು ಅಂತ ಬಾಯಿಬಿಟ್ಟು ಬೇರೆ ಹೇಳಬೇಕಿತ್ತೇನೇ? ಅದು ನಿನ್ನ ಮನೆ ಅಲ್ವೇನೇ?"

"ಹೇಳಬೇಕಿತ್ತಮ್ಮ."

ಮೈಕಮ್ಮ ಸೆರಗನ್ನು ಬಾಯಿಗೆ ಒತ್ತಿ ಹಿಡಿದು ಅತ್ತಳು. ಬಸ್ ನಿಲ್ದಾಣ ತುಂಬುತ್ತಿದ್ದ ದನಿ ಆ ಚಿಕ್ಕ ಕೋಣೆಯನ್ನೂ ತುಂಬಲಿಲ್ಲ. ಮಗಳು ಎದ್ದು ಬಂದು ಸಮಾಧಾನ ಮಾಡಲಿಲ್ಲ, ಬೇಡ ಅನ್ನಲೂ ಇಲ್ಲ. ಗೋಡೆಗೆ ಒರಗಿ ಕೂತು ತಾನೂ ಕಣ್ಣೊರೆಸಿಕೊಂಡಳು. ಚಹಾ ಆರಿಹೋಯಿತು. ಕಿಟಕಿಯ ಬಿಸಿಲು ಬಕೆಟ್ಟುಗಳ ಮೇಲಿಂದ ಜಾರಿ ಬಾಗಿಲ ಹತ್ತಿರ ಹೋಯಿತು. ಮೇಲಿನ ಮನೆಯವನು ಕುರ್ಚಿ ಎಳೆದ. ಇಬ್ಬರೂ ಒಟ್ಟಿಗೆ ಮೇಲೆ ನೋಡಿದರು.

ಈಗ ಮನೆಗೆ ಬಾ, ಇವತ್ತೇ ಬಾ ಅಂತ ಹೇಳಬೇಕು ಅನ್ನಿಸಿತು ಮೈಕಮ್ಮನಿಗೆ. ಆದರೆ ಮಗಳು ಈಗ ಅದನ್ನು ಕೇಳಿರಲಿಲ್ಲ. ಅವಳಿಗೆ ಈಗ ಕೆಲಸ ಇದೆ, ಬಾಡಿಗೆ ಕಟ್ಟಿದ ಕೋಣೆ ಇದೆ, ಶನಿವಾರ ಹೂಂ ಅನ್ನುವ ಅಪ್ಪ ಇದ್ದಾರೆ. ಅಮ್ಮ 'ಇರು' ಅಂದರೆ ಇರುವ ಕಾಲ ದಾಟಿಹೋಗಿತ್ತು. ಹೊರಡಬೇಕು ಅಂತ ಮೈಕಮ್ಮ ಎದ್ದು ನಿಂತಳು. ಎದ್ದು ನಿಂತ ಮೇಲೆ, ಹೋಗಲು ಸ್ವಲ್ಪವೂ ಮನಸ್ಸಿಲ್ಲ ಅಂತ ಗೊತ್ತಾಯಿತು.

"ಇವತ್ತು ನಾನು ಇಲ್ಲೇ ಇರ್ಲಾ?" ಅಂದಳು.

ಬೇಕೆಂದು ಆಡಿದ ಮಾತಲ್ಲ. ಬಾಯಿಂದ ಬಂದ ಮೇಲೆ ಅದು ತನ್ನ ಕಿವಿಗೂ ಬಿತ್ತು. ಮಗಳು ಹಾಸಿಗೆಯ ಕಡೆ ನೋಡಿದಳು, ಬ್ರೆಡ್ಡಿನ ಕಡೆ ನೋಡಿದಳು, ಅಮ್ಮನ ಕಡೆ ನೋಡಿದಳು. ಕೆಳಗೆ ಅಂಗಡಿಯಲ್ಲಿ ಜೆರಾಕ್ಸ್ ಯಂತ್ರ ಒಂದೇ ಸಮನೆ ಓಡುತ್ತಿತ್ತು. ಮೈಕಮ್ಮ ಚೀಲ ಎದೆಗೊತ್ತಿಕೊಂಡು ನಿಂತೇ ಇದ್ದಳು. ಏನು ಹೇಳುತ್ತಾಳೋ, ಇಲ್ಲ ಅಂದರೆ ಎಲ್ಲಿ ಮುಖ ಇಟ್ಟುಕೊಳ್ಳುವುದೋ ಅಂತ ಕಾದಳು. ಹಾಗೆ ಕಾಯುವಾಗಲೇ ತಿಳಿಯಿತು ಅವಳಿಗೆ: ತನ್ನ ಮಗಳು ಹೀಗೆ ನಿಂತಿದ್ದಳು, ತನ್ನ ಮನೆಯ ಬಾಗಿಲಲ್ಲಿ, ಎರಡು ವಾರ.

"ಇರಮ್ಮ," ಅಂದಳು ಮಗಳು. ಅಮ್ಮನ ಕೈಯಿಂದ ಚೀಲ ತೆಗೆದು ಕೆಳಗಿಟ್ಟು, ಇನ್ನೊಂದು ದಿಂಬು ಎಲ್ಲಿದೆ ಅಂತ ನೋಡತೊಡಗಿದಳು.